ಪೈಪಿನೊಳಗಿನ ಗಾಳಿ

ನಮ್ಮ ಯಂತ್ರಕ್ಕೆ ಕಿವಿ ಕೊಟ್ಟವರು ದಸ್ತಗೀರಸಾಬರು. ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ, ಎಷ್ಟು ಹೆಮ್ಮೆಯಿಂದ ಹೇಳಿದ್ದೇನೆಂದರೆ ಈಗ ಅದನ್ನು ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಮಾತು ಸುಳ್ಳಲ್ಲ. ಖರೆ ಎನ್ನುವುದೇ ಕಷ್ಟವಾಗಿದೆ.

ನಾನು ಜಾಯ್ಸ್, ಧಾರವಾಡದ ಮಾಳಮಡ್ಡಿಯವಳು. ದಿನಾ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್ ಕೆಲಸ ಮಾಡುತ್ತೇನೆ. ನೆಲದೊಳಗಿನ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂಬುದನ್ನು ಸದ್ದಿನಿಂದ ಪತ್ತೆಹಚ್ಚುವ ಸೆನ್ಸರುಗಳು ನಮ್ಮ ಕಸುಬು. ಬೇರೆ ಊರಿನವರಿಗೆ ಸೋರಿಕೆ ಎಂದರೆ ನೀರು ಪೋಲಾಗುವುದು, ಅಷ್ಟೇ. ನಾವು ಕೆಲಸ ಮಾಡಿದ ಓಣಿಗಳಲ್ಲಿ ನಳ ಬರುವುದು ವಾರಕ್ಕೊಮ್ಮೆ. ಉಳಿದ ಆರು ದಿನ ಪೈಪು ಖಾಲಿ. ಖಾಲಿ ಪೈಪಿಗೆ ತೂತಿದ್ದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಗಟಾರ ಒಳಗೆ ಬರುತ್ತದೆ. ಏಳನೆಯ ದಿನ ಅದೇ ನೀರು ಕೊಡಕ್ಕೆ ಬೀಳುತ್ತದೆ.

ಸೆನ್ಸರುಗಳನ್ನು ರಸ್ತೆಯಡಿಯ ಗುಂಡಿಯಂಥ ಚೇಂಬರಿನೊಳಗೆ ಪೈಪಿಗೆ ಕಟ್ಟಿ ಮುಚ್ಚಳ ಹಾಕಿದರೆ ಮುಗಿಯಿತು. ಅಲ್ಲಿ ಕರೆಂಟಿಲ್ಲ, ಬ್ಯಾಟರಿ ಐದು ವರ್ಷ ಬಾಳಬೇಕು. ಹಾಗಾಗಿ ಅವು ಆರು ದಿನ ಕುಂಭಕರ್ಣನ ಹಾಗೆ ಮಲಗುತ್ತವೆ. ನೀರು ಬಂದಾಗಿನ ಅದುರುವಿಕೆಗೆ ಎದ್ದು ಎರಡು ನಿಮಿಷ ಆಲಿಸಿ, ಆಲಿಸಿದ್ದರ ಸಾರವನ್ನಷ್ಟೇ ಓಣಿಯ ಪಂಪ್‌ಹೌಸಿನ ಡಬ್ಬಿಗೆ ಕಳಿಸಿ ಮತ್ತೆ ಮಲಗುತ್ತವೆ. ಸೋರುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಆ ಡಬ್ಬಿ. ದೂರದ ದೊಡ್ಡ ಕಂಪ್ಯೂಟರಿಗೆ ಕ್ಲೌಡ್ ಅನ್ನುತ್ತಾರಲ್ಲ, ನೆಲಕ್ಕೆ ಹತ್ತಿರ ಕೂತಿರುವ ಇಂಥ ಡಬ್ಬಿಗೆ ಫಾಗ್ ಅನ್ನುತ್ತಾರೆ, ಅಂದರೆ ಮೋಡವಲ್ಲ, ಮಂಜು. ಸದ್ದನ್ನು ಸದ್ದಾಗಿಯೇ ಕಳಿಸಿದರೆ ಬ್ಯಾಟರಿ ಆರು ತಿಂಗಳಿಗೆ ಸಾಯುತ್ತದೆ, ಆದ್ದರಿಂದ ಕೇಳಿದ್ದನ್ನು ಸೆನ್ಸರು ಆಗಿಂದಾಗಲೇ ಅಳಿಸಿಬಿಡಬೇಕು ಎಂದು ಹೇಳಿದವಳು ನಾನೇ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನನ್ನ ಸೆನ್ಸರುಗಳಷ್ಟು ನಿಷ್ಠೆಯಿಂದ ಪಾಲಿಸಿದವರು ಈ ಅವಳಿ ನಗರದಲ್ಲಿ ಯಾರೂ ಇರಲಿಕ್ಕಿಲ್ಲ. ಕಂಪನಿಯ ಯಜಮಾನ ಅತುಲ ಅದಕ್ಕಾಗಿ ಎಲ್ಲರೆದುರು ನನ್ನ ಬೆನ್ನು ತಟ್ಟಿದ್ದರು.

ಆದರೆ ಡಬ್ಬಿಗೆ ಮೊದಲು ಯಾರಾದರೂ ಕಲಿಸಬೇಕಲ್ಲ. ಇದು ಸೋರುವ ಸದ್ದು, ಇದು ಅಲ್ಲ ಎಂದು ಸಾವಿರ ಸಲ ಹೇಳಿಕೊಡಬೇಕು. ಅದಕ್ಕೆ ಸಿಕ್ಕವರು ದಸ್ತಗೀರಸಾಬರು. ಹುಬ್ಬಳ್ಳಿ ಅಂಚಿನ ಗಬ್ಬೂರಿನವರು, ಅರವತ್ತು ದಾಟಿದವರು. ಮೂವತ್ತನಾಲ್ಕು ವರ್ಷ ನೀರು ಬಿಡುವ ಕೆಲಸ ಮಾಡಿದ್ದರು. ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಪೈಪಿಗೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಎಷ್ಟು ಮಾರು ದೂರದಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವರೆಂದು ಹೆಸರಾಗಿದ್ದರು. ಹಾಗೆ ಹೇಳುವವರು ಮೊದಲು ನಾಲ್ಕೈದು ಜನ ಇದ್ದರಂತೆ. ಈಗ ಉಳಿದವರು ಇವರೊಬ್ಬರೇ. ಓಣಿಯಲ್ಲಿ ಅವರ ಹೆಸರೇ ಕಿವಿ ದಸ್ತಗೀರ.

ಮೊದಲ ವಾರ ನಾನು ಅವರಿಗೆ ಮೇಡಂ, ಎರಡನೆಯ ವಾರಕ್ಕೆ ಬೇಟಿ ಆದೆ. ಫೆಬ್ರುವರಿ, ಮಾರ್ಚ್ ಎರಡು ತಿಂಗಳು ನಳ ಬರುವ ಓಣಿಯಿಂದ ಓಣಿಗೆ ಅಲೆದೆವು. ಅವರು ಸಲಾಕೆ ಹಿಡಿದು ಆಲಿಸುವರು, ‘ಐತಿ’ ಅಥವಾ ‘ಇಲ್ಲ’ ಎನ್ನುವರು. ನಾನು ಪಕ್ಕದಲ್ಲೇ ಸೆನ್ಸರು ಕಟ್ಟಿ, ಹೆಡ್‌ಫೋನ್ ಹಾಕಿ, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಒತ್ತುವೆ. ಒಂದು ವಿಚಿತ್ರವೆಂದರೆ ಅವರು ಸಲಾಕೆಯನ್ನು ಕಿವಿಗೆ ಹಚ್ಚುತ್ತಿರಲಿಲ್ಲ, ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ, ಸಲಾಕೆ ಕಚ್ಚಿ, ಧ್ಯಾನಕ್ಕೆ ಕೂತವರ ಹಾಗೆ ಕಾಣುತ್ತಿದ್ದರು. ಇದು ಕಸುಬಿನ ಗುಟ್ಟು ಎಂದುಕೊಂಡು ನಾನು ವರದಿಯಲ್ಲಿ ಅದನ್ನು ಫೋಟೋ ಸಮೇತ ‘ಪಾರಂಪರಿಕ ಜ್ಞಾನ’ ಎಂದು ಬರೆದೆ. ಓದಿದವರೆಲ್ಲ ಹೊಗಳಿದರು. ಓದು ಬರಹ ಕಲಿತ ಮೂರ್ಖತನಕ್ಕೆ ಚಪ್ಪಾಳೆ ಬೇಗ ಸಿಗುತ್ತದೆ.

ಕೆಲಸ ಮುಗಿದ ಮೇಲೆ ಅವರ ಮನೆಯಲ್ಲೇ ಚಹಾ. ಹೆಂಡತಿ ರೆಹಮತ್‌ಬಿ ಮಾತಿನ ಮಲ್ಲಿ. ಆದರೆ ಗಂಡನಿಗೆ ಏನಾದರೂ ಹೇಳಬೇಕೆಂದರೆ ಅಡಿಗೆಮನೆಯಿಂದ ಕೂಗುತ್ತಿರಲಿಲ್ಲ. ಕೈಕೆಲಸ ಬಿಟ್ಟು ಬಂದು, ಎದುರಿಗೆ ನಿಂತು, ಮುಖ ನೋಡಿ ಹೇಳುವರು. ಎಂಥ ಮರ್ಯಾದಸ್ಥ ಸಂಸಾರ ಎಂದು ನಾನು ಅವ್ವನ ಮುಂದೆ ಹೇಳಿದ್ದೆ. ಅವರ ಒಬ್ಬಳೇ ಮಗಳು ಮುಸರತ ಆಗ ಕೇಶ್ವಾಪುರದ ಗಂಡನ ಮನೆಯಲ್ಲಿದ್ದಳು, ಮೂರು ತಿಂಗಳ ಬಸುರಿ. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸುರು ಅದು. ಏಳು ತುಂಬಿದ ಮೇಲೆ ಕರೆತರುತ್ತೇವೆ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ರೆಹಮತ್‌ಬಿ ದಿನಾ ಬೆರಳು ಮಡಿಚುತ್ತಿದ್ದರು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅವರ ಮನೆಯ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮುಂದಿನ ಚೇಂಬರಿನಲ್ಲಿ ಒಂದು ದಿನ ಬೆಳಿಗ್ಗೆ ನನ್ನ ಹೆಡ್‌ಫೋನಿನಲ್ಲಿ ಒಂದು ಸಣ್ಣ ಸದ್ದು ಕೇಳಿಸಿತು. ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚಿನಲ್ಲಿ ಸುಂಯ್ ಅನ್ನುತ್ತದಲ್ಲ, ಅಂಥದ್ದು. ದಸ್ತಗೀರಸಾಬರು ಸಲಾಕೆ ಬಿಟ್ಟು ‘ಇಲ್ಲ’ ಎಂದರು. ನಾನು ಎದುರಿಗೆ ಹೋಗಿ, ಏನೋ ಸಣ್ಣಗೆ ಕೇಳಿಸುತ್ತಿದೆಯಲ್ಲ ಎಂದೆ. ಅವರು ಮತ್ತೆ ಕಚ್ಚಿದರು. ಬಹಳ ಹೊತ್ತು ಆಲಿಸಿದರು. ಆಮೇಲೆ ನನ್ನನ್ನೇ ಕೇಳಿದರು, ಹ್ಯಾಂಗ ಕೇಳಸ್ತೈತಿ, ಸೀಟಿ ಹೊಡದಂಗ ಏನು ಅಂತ. ಹೌದು, ಹಾಗೇ ಎಂದೆ.

“ಅದು ಗಾಳಿ, ಬೇಟಿ,” ಎಂದರು. “ವಾರಗಟ್ಲೆ ಖಾಲಿ ಇದ್ದ ಪೈಪಿಗೆ ನೀರು ಬಂದ್ರ ಒಳಗಿನ ಗಾಳಿ ಸೀಟಿ ಹೊಡಿತೈತಿ. ಬರ್ಕೋ, ಇಲ್ಲ ಅಂತ.”

ಅದು ಸುಳ್ಳಲ್ಲ. ನಮ್ಮ ಊರಿನ ಪೈಪುಗಳಲ್ಲಿ ಗಾಳಿ ಸೀಟಿ ಹೊಡೆಯುತ್ತದೆ. ಮೂವತ್ತನಾಲ್ಕು ವರ್ಷ ಕೇಳಿದವರು ಹೇಳುತ್ತಿದ್ದಾರೆ, ನಾನು ಎರಡು ತಿಂಗಳಿನವಳು. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಸಂಡೇ ಸ್ಕೂಲಿನಲ್ಲಿ ಕಲಿತವಳು ಬೇರೆ. ‘ಇಲ್ಲ’ ಎಂದು ಒತ್ತಿದೆ. ಅಂದಿನಿಂದ ಅಂಥ ಸದ್ದು ಎಲ್ಲೇ ಕೇಳಿಸಿದರೂ ನಾನು ಅವರನ್ನು ಕೇಳಲೂ ಇಲ್ಲ. ಗಾಳಿ ಎಂದು ನಾನೇ ಒತ್ತುತ್ತ ಹೋದೆ. ಡಬ್ಬಿ ಆ ಪಾಠವನ್ನು ಚೆನ್ನಾಗಿ ಕಲಿಯಿತು. ಅಂಥ ಸದ್ದು ಬಂದರೆ ಗಾಳಿ, ಬಿಟ್ಟುಬಿಡು, ಬ್ಯಾಟರಿ ಉಳಿಸು.

ಏಪ್ರಿಲ್‌ನಲ್ಲಿ ಉದ್ಘಾಟನೆ ಆಯಿತು. ದಸ್ತಗೀರಸಾಬರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಇನ್ನು ಮೇಲೆ ನೀವು ಆರಾಮ ಮಾಡಿರಿ, ನಿಮ್ಮ ಕಿವಿ ನೆಲದೊಳಗೆ ಕೆಲಸ ಮಾಡುತ್ತದೆ ಎಂದು ಅತುಲ ಮೈಕಿನಲ್ಲಿ ಹೇಳಿದರು. ಅವರು ನಗುತ್ತ ಕೈಮುಗಿದರು. ಮಾತು ಅವರಿಗೆ ಮುಟ್ಟಿತ್ತೋ ಇಲ್ಲವೋ ಈಗ ಹೇಳಲಾರೆ.

ಜೂನ್ ಮೊದಲ ವಾರ ಮುಸರತ ತವರಿಗೆ ಬಂದಳು. ಗಂಡ ಅಯಾಜ ಸ್ಕೂಟರ್ ರಿಪೇರಿ ಅಂಗಡಿಯವನು, ದಿನ ಬಿಟ್ಟು ದಿನ ಕೇಶ್ವಾಪುರದಿಂದ ಬಂದು ಅವಳನ್ನು ನೋಡಿಕೊಂಡು ಹೋಗುತ್ತಿದ್ದ. ಮಳೆ ಶುರುವಾಗಿ ಗಟಾರಗಳು ತುಂಬಿದ್ದವು. ಎರಡನೆಯ ವಾರ ದಸ್ತಗೀರಸಾಬರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ರೆಹಮತ್‌ಬಿ. ಓಣಿಯಲ್ಲಿ ಇಬ್ಬರು ಹುಡುಗರಿಗೆ ಕಾಮಣಿ ಆಗಿ ಮೈ ಹಳದಿಯಾಗಿದೆ, ನೀರು ಕಾಯಿಸಿ ಕುಡಿಯಿರಿ ಎಂದು ಎಲ್ಲರೂ ಹೇಳುತ್ತಿದ್ದಾರೆ, ನಿಮ್ಮ ಡಬ್ಬಿ ಏನನ್ನುತ್ತದೆ ಎಂದು ಕೇಳಲು ಇವರು ಹೇಳಿದರು ಎಂದರು. ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಗಬ್ಬೂರಿನ ಅಷ್ಟೂ ಚೇಂಬರುಗಳು ಹಸಿರು. ಒಂದೂ ಸೋರಿಕೆ ಇಲ್ಲ.

“ಎಲ್ಲಾ ಬರೋಬರಿ ಐತ್ರಿ ಚಾಚಿ, ಏನೂ ಕಾಳಜಿ ಮಾಡಬ್ಯಾಡ್ರಿ,” ಎಂದೆ.

ಆ ನಾಲ್ಕು ಮಾತು ಆಡಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಲ್ಲಿಯತನಕ ರೆಹಮತ್‌ಬಿ ಮಗಳಿಗಾಗಿ ದಿನಾ ನೀರು ಕಾಯಿಸಿ ಆರಿಸಿ ಕೊಡುತ್ತಿದ್ದರು. ಕಾಯಿಸಿದ ನೀರು ಸಪ್ಪಗಿರುತ್ತದೆ, ಕುಡಿದರೆ ವಾಕರಿಕೆ ಬರುತ್ತದೆ ಎಂದು ಮುಸರತ ಜಗಳ ಮಾಡುತ್ತಿದ್ದಳಂತೆ. ನನ್ನ ಫೋನಾದ ಮೇಲೆ ಅಪ್ಪ ಮಗಳ ಪಕ್ಷ ವಹಿಸಿದರು. ನಮ್ಮ ಲೈನಿನ ಮೇಲೆ ನನ್ನ ಕಿವಿಯೇ ಕಾವಲಿದೆ, ಅವಳಿಗೆ ಬೇಕಾದ ನೀರು ಕೊಡು ಎಂದರಂತೆ. ಕಾಯಿಸುವುದು ನಿಂತಿತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಜುಲೈ ಕೊನೆಗೆ ಮುಸರತಳ ಕಣ್ಣು ಹಳದಿಯಾದವು. ಅವಳು ಆಗ ಒಂಬತ್ತರಲ್ಲಿದ್ದಳು. ನಾನು ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು ಅಯಾಜನಿಗೆ ತಿಳಿಸಿ ಹೇಳುತ್ತಿದ್ದರು. ಗಟಾರ ಬೆರೆತ ನೀರಿನಿಂದ ಬರುವ ಕಾಮಣಿ ಇದು. ಬೇರೆಯವರಾದರೆ ಹದಿನೈದಿಪ್ಪತ್ತು ದಿನ ಮಲಗಿ ಎದ್ದಾರು. ದಿನ ತುಂಬಿದ ಬಸುರಿಗೆ ಬಂದರೆ ಉಳಿಸುವುದು ಕಷ್ಟ. ಅಯಾಜ ಹೂಂ ಹೂಂ ಎನ್ನುತ್ತ ಕೈಯಲ್ಲಿನ ಔಷಧಿ ಚೀಟಿಯನ್ನು ಮಡಿಚುತ್ತಲೇ ಇದ್ದ.

ಹೊರಗಿನ ಬೆಂಚಿನ ಮೇಲೆ ದಸ್ತಗೀರಸಾಬರು ಕೂತಿದ್ದರು, ಬೆನ್ನು ವಾರ್ಡಿನ ಬಾಗಿಲ ಕಡೆಗಿತ್ತು. ನಾನು ತುಸು ದೂರದಲ್ಲಿ ನಿಂತಿದ್ದೆ. ನರ್ಸ್ ಬಾಗಿಲಿಗೆ ಬಂದು ಮುಸರತ ಕಡೆಯವರು ಯಾರು ಎಂದು ಕೂಗಿದಳು. ಅವರು ಅಲುಗಲಿಲ್ಲ. ಇನ್ನೊಂದು ಸಲ ಕೂಗಿದಳು. ಮೂರನೆಯ ಸಲ ಇಡೀ ಪಡಸಾಲೆ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. ಅವರು ತಮ್ಮ ಚಪ್ಪಲಿಗಳನ್ನೇ ನೋಡುತ್ತ ಕೂತಿದ್ದರು. ರೆಹಮತ್‌ಬಿ ಓಡಿಬಂದು ತೋಳು ಮುಟ್ಟಿದಾಗಲೇ ಅವರು ಎದ್ದದ್ದು.

ಹಲ್ಲಿನಲ್ಲಿ ಕಚ್ಚಿದ ಸಲಾಕೆ, ಎದುರಿಗೆ ಬಂದು ನಿಂತು ಮಾತಾಡುವ ಹೆಂಡತಿ, ಹ್ಯಾಂಗ ಕೇಳಸ್ತೈತಿ ಎಂದು ನನ್ನನ್ನೇ ಕೇಳಿದ್ದು, ಎಲ್ಲ ಒಟ್ಟಿಗೆ ನೆನಪಾದವು. ರೆಹಮತ್‌ಬಿಯನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. ಗಂಡನಿಗೆ ಕಿವಿ ಕೇಳಿಸದೆ ಏಳೆಂಟು ವರ್ಷ ಆಯಿತಂತೆ. ಜನರ ತುಟಿ ನೋಡಿ ಮಾತು ಹಿಡಿಯುತ್ತಾರಂತೆ.

“ಕಿವಿ ಹೋದಮ್ಯಾಲ ಹಲ್ಲಿಲೆ ಕೇಳಾಕತ್ರು,” ಎಂದರು. “ದಪ್ಪ ಸದ್ದು ಹಲ್ಲಿಗೆ ಬಡೀತೈತಿ. ಸಣ್ಣ ಸದ್ದು ಬಡ್ಯಂಗಿಲ್ಲ. ಅವರಿಗೂ ಅದು ಗೊತ್ತಿಲ್ಲವ್ವಾ. ಕೇಳಸ್ಲಿಲ್ಲಂದ್ರ ಸದ್ದ ಇಲ್ಲಂತ ತಿಳ್ಕೋತಾರ.”

ಅವರ ಮೇಲೆ ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು. ಬರಲಿಲ್ಲ. ಯಾರಿಗೂ ಮೋಸ ಮಾಡಬೇಕೆಂದು ಅವರು ಮಾಡಿದ್ದಲ್ಲ. ಊರೆಲ್ಲ ಕಿವಿ ದಸ್ತಗೀರ ಎನ್ನುವಾಗ ತಮಗೆ ಕಿವಿ ಕೇಳಿಸುವುದಿಲ್ಲ ಎಂದು ಯಾವ ಬಾಯಿಂದ ಹೇಳಿಯಾರು? ಹೆಡ್‌ಫೋನ್ ಹಾಕಿಕೊಂಡು, ಎರಡೂ ಕಿವಿ ನೆಟ್ಟಗಿದ್ದು, ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದು ಒತ್ತಿದವಳು ನಾನು.

ಮರುದಿನ ಗಬ್ಬೂರಿಗೆ ನಳದ ಪಾಳಿ ಇತ್ತು. ಬೆಳಿಗ್ಗೆ ಗಿರಣಿಯ ಮುಂದಿನ ಚೇಂಬರ್ ತೆಗೆಸಿ ಹೆಡ್‌ಫೋನ್ ಹಾಕಿದೆ. ಅದೇ ಸುಂಯ್, ಈಗ ಇನ್ನಷ್ಟು ಜೋರಾಗಿ ಇತ್ತು. ಪಕ್ಕದಲ್ಲಿ ನಮ್ಮ ಸೆನ್ಸರು ಎದ್ದು, ಅದನ್ನೇ ಎರಡು ನಿಮಿಷ ಆಲಿಸಿ, ಅಳಿಸಿ, ಮಲಗಿತು. ನನ್ನ ಮೊಬೈಲಿನಲ್ಲಿ ಚೇಂಬರು ಹಸಿರಾಗಿಯೇ ಇತ್ತು. ನೆಲ ಅಗೆದಾಗ ಗಟಾರದ ಗೋಡೆಗೆ ಆತು ಹೋಗಿದ್ದ ಪೈಪಿನಲ್ಲಿ ದಬ್ಬಣದ ಮೊನೆಯಷ್ಟು ತೂತು ಸಿಕ್ಕಿತು. ಮಧ್ಯಾಹ್ನದೊಳಗೆ ಪಟ್ಟಿ ಹಾಕಿ ಮುಚ್ಚಿದರು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮಗು ಹೊಟ್ಟೆಯೊಳಗೇ ತೀರಿಕೊಂಡಿತು. ಮೂರನೆಯ ದಿನ ಮುಸರತ ಹೋದಳು. ಕೊನೆಗೆ ಅವಳಿಗೆ ಯಾರ ಗುರುತೂ ಇರಲಿಲ್ಲವಂತೆ, ನೀರು ಕೊಡ್ರಿ ಎಂದು ಮಾತ್ರ ಕೇಳುತ್ತಿದ್ದಳಂತೆ.

ನಾನು ಎಲ್ಲವನ್ನೂ ಬರೆದು ಅತುಲರ ಮುಂದಿಟ್ಟೆ. ಡಬ್ಬಿಗೆ ಕಲಿಸಿದವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅವರ ಕಿವುಡುತನವನ್ನೇ ಡಬ್ಬಿ ಕಲಿತಿದೆ, ಅದಕ್ಕೆ ನಾನೂ ಕೈಜೋಡಿಸಿದ್ದೇನೆ, ಎಲ್ಲ ಅಳಿಸಿ ಮೊದಲಿನಿಂದ ಕಲಿಸಬೇಕು ಎಂದೆ. ಅವರು ಕೆಟ್ಟವರಲ್ಲ, ಎರಡು ಸಲ ಓದಿದರು. ಆಮೇಲೆ, ಆ ಸದ್ದುಗಳನ್ನು ಕೇಳಿಸು ಎಂದರು. ಯಾವ ಸದ್ದು? ಒಂದೂ ಇಟ್ಟಿರಲಿಲ್ಲ, ಇಡಬಾರದು ಎಂದು ಮಾಡಿದವಳು ನಾನು. ಉಳಿದಿದ್ದು ‘ಐತಿ’, ‘ಇಲ್ಲ’ಗಳ ಉದ್ದನೆಯ ಪಟ್ಟಿ ಅಷ್ಟೇ.

“ಸದ್ದ ಇಲ್ಲಂದ್ರ ತಪ್ಪು ಯಾವದಂತ ತೋರಸ್ತಿ, ಜಾಯ್ಸ್?” ಎಂದರು. ಮಳೆಗಾಲದಲ್ಲಿ ಕಾಮಣಿ ಎಲ್ಲ ಕಡೆ ಬರುತ್ತದೆ, ಒಂದು ತೂತಿನಿಂದಲೇ ಹೀಗಾಯಿತು ಎಂದು ಯಾರು ಹೇಳಬಲ್ಲರು ಎಂದೂ ಕೇಳಿದರು. ಆ ವಾರವೇ ಗಬ್ಬೂರಿನ ಡಬ್ಬಿ ಕಲಿತ ಪಾಠವನ್ನು ಇನ್ನೂ ಹತ್ತೊಂಬತ್ತು ಓಣಿಗಳ ಡಬ್ಬಿಗಳಿಗೆ ನಕಲು ಮಾಡಬೇಕಿತ್ತು. ನಾನು ಮಾಡುವುದಿಲ್ಲ ಎಂದೆ. ರಾಜರತ್ನ ಎಂಬ ಸಹೋದ್ಯೋಗಿ ಊಟಕ್ಕೆ ಹೋಗುವ ಮೊದಲು ಮಾಡಿ ಮುಗಿಸಿದ. ಹತ್ತು ನಿಮಿಷದ ಕೆಲಸ.

ಕೆಲಸ ಬಿಟ್ಟೆಯಾ ಎಂದು ನೀವು ಕೇಳಬಹುದು. ಬಿಟ್ಟಿಲ್ಲ. ಒಳಗಿದ್ದು ಸರಿಮಾಡುತ್ತೇನೆ ಎಂದು ಅವ್ವನಿಗೆ ಹೇಳಿದ್ದೇನೆ, ಖರೆ ಹೇಳಬೇಕೆಂದರೆ ಧೈರ್ಯ ಸಾಲದು. ಭಾನುವಾರ ಬಿಡುವಿದ್ದಾಗ ಒಬ್ಬಳೇ ಹೆಡ್‌ಫೋನ್ ತೆಗೆದುಕೊಂಡು ಒಂದೊಂದು ಓಣಿಗೆ ಹೋಗುತ್ತೇನೆ. ಸುಂಯ್ ಅನ್ನುತ್ತದೆ. ಅದು ನಿಜವಾದ ಗಾಳಿಯೋ, ತೂತೋ ಎಂದು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಪ್ರತಿ ಸುಂಯ್‌ಗೂ ರಸ್ತೆ ಅಗೆಯಿರಿ ಎಂದರೆ ಯಾರು ಅಗೆಯುತ್ತಾರೆ? ನನಗೆ ಕೇಳಿಸುತ್ತದೆ, ತಿಳಿಯುವುದಿಲ್ಲ. ತಿಳಿದವರಿಗೆ ಕೇಳಿಸುವುದಿಲ್ಲ. ಮೂರನೆಯವರು ಈ ಊರಿನಲ್ಲಿ ಉಳಿದಿಲ್ಲ.

ಮುಸರತಳ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮರುದಿನ ಗಬ್ಬೂರಿಗೆ ಹೋದೆ. ಅಷ್ಟು ದಿನ ಹೋಗಿರಲಿಲ್ಲ, ಹೋಗುವ ಮುಖ ಇರಲಿಲ್ಲ. ದಸ್ತಗೀರಸಾಬರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸಲಾಕೆ ಮೂಲೆಯಲ್ಲಿತ್ತು, ಅದರ ಮೇಲೆ ಏಪ್ರಿಲ್‌ನ ಶಾಲು ಒಣಹಾಕಿದ್ದರು. ಬಾ ಬೇಟಿ ಎಂದು ಎದುರಿಗೆ ಕೂಡಿಸಿಕೊಂಡರು. ರೆಹಮತ್‌ಬಿ ಚಹಾ ಇಡಲು ಒಳಗೆ ಹೋದರು. ಆಮೇಲೆ ಅವರೇ ಮಾತು ತೆಗೆದರು.

“ಒಂದು ಕೇಳ್ತೇನಿ, ಖರೇ ಹೇಳು. ಅವತ್ತ ಗಿರಣಿ ಮುಂದ ನೀ ಏನೋ ಸಣ್ಣಗ ಕೇಳಸ್ತೈತಿ ಅಂದಿದ್ದಿ. ನಾ ಗಾಳಿ ಅಂದೆ.” ನನ್ನ ಕಡೆ ಬಾಗಿದರು. “ಅದು ಗಾಳಿನೋ, ಅಲ್ಲೋ?”

ಅಂದರೆ ಅವರು ಈ ನಲವತ್ತು ದಿನ ಅದೊಂದನ್ನೇ ಎಣಿಸುತ್ತ ಕೂತಿದ್ದರು. ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇಷ್ಟು ಜನ ಇಷ್ಟು ದಿನ ತಪ್ಪು ಹೇಳಿದ್ದು ಸಾಕು, ಒಂದಾದರೂ ಸರಿಯಾದ ಉತ್ತರ ಆ ಮನುಷ್ಯನಿಗೆ ಸಲ್ಲಬೇಕು ಅನ್ನಿಸಿತು. ಆದರೆ ಅವರ ಕಣ್ಣು ನನ್ನ ತುಟಿಗಳ ಮೇಲೇ ನೆಟ್ಟಿದ್ದವು. ಆ ಕಣ್ಣುಗಳನ್ನು ನೋಡುತ್ತ ಹೇಳಲಾಗಲಿಲ್ಲ. ಮುಖವನ್ನು ಪಕ್ಕದ ಗೋಡೆಯ ಕಡೆ ತಿರುಗಿಸಿ ಹೇಳಿದೆ.

“ಅಲ್ಲ ಚಾಚಾ. ಗಾಳಿ ಅಲ್ಲದು. ಸೋರಾಕತ್ತಿತ್ತು. ನನಗ ಕೇಳಸಿತ್ತು.”

ಹಿಂದೆ ಕಪ್ಪಿನ ಸದ್ದಾಯಿತು. ರೆಹಮತ್‌ಬಿ ಅಡಿಗೆಮನೆಯ ಹೊಸ್ತಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದರು. ಅವರು ಕೇಳಿಸಿಕೊಂಡಿದ್ದರು. ಫೋನಿನಲ್ಲಿ ಏನೂ ಕಾಳಜಿ ಮಾಡಬೇಡಿ ಎಂದಿದ್ದನ್ನು ಕೇಳಿಸಿಕೊಂಡ ಅದೇ ಕಿವಿಗಳು.

ದಸ್ತಗೀರಸಾಬರು ನನ್ನಿಂದ ಹೆಂಡತಿಯ ಕಡೆ ಕಣ್ಣು ಹೊರಳಿಸಿದರು. “ಏನಂದ್ಲು?” ಎಂದು ಕೇಳಿದರು.

ರೆಹಮತ್‌ಬಿ ತಾಟನ್ನು ಕೆಳಗಿಟ್ಟರು. ಎಂದಿನಂತೆ ಬಂದು, ಅವರ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

“ಗಾಳಿನ ಅಂತ. ಬರೇ ಗಾಳಿ.”

ಅವರು ಹೆಂಡತಿಯ ತುಟಿಗಳನ್ನು, ಅವು ನಿಂತ ಮೇಲೂ, ಬಹಳ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿದರು.

“ಹಂಗಾದ್ರ ಬರ್ಕೋ ಬೇಟಿ,” ಎಂದರು. “ಇಲ್ಲ ಅಂತ.”

ನಾನು ಬರೆದುಕೊಂಡವಳ ಹಾಗೆ ತಲೆ ತಗ್ಗಿಸಿದೆ. ರೆಹಮತ್‌ಬಿ ಚಹಾದ ಕಪ್ಪನ್ನು ನನ್ನ ಮುಂದೆ ಇಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು.